ಮೂವತ್ತೆಂಟು ಫೋಟೋಗಳ ಹಿಂಬದಿ

ಡಾಕ್ಟರ್ ರಹಮತ್ ಅವರಿಗೆ ಮರೆವು ಇರಲಿಲ್ಲ. ಸುಳ್ಳು ಹೇಳಿದ್ದು ನಾನು.

ಈ ಎರಡು ವಾಕ್ಯ ಬರೆಯಲು ಇಷ್ಟು ವರ್ಷ ಬೇಕಾಯಿತು — ಬರೆದು ನೋಡಿದರೆ ಒಂದು ಸಾಲೂ ತುಂಬಿಲ್ಲ. ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಮಂದಿ ಇವತ್ತಿಗೂ ಯಾವುದಾದರೂ ಪಾಟ್‌ಲಕ್ ಊಟದಲ್ಲಿ ಅವರ ಮಾತು ಬಂದರೆ, “ಪಾಪ, ಎಂಥಾ ಮನುಷ್ಯ, ಕೊನೆಗೆ ಮರೆವು ಬಂದುಬಿಡ್ತಲ್ಲ” ಅನ್ನುತ್ತಾರೆ. ನಾನೂ ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡು ತಲೆಯಾಡಿಸಿದ್ದೇನೆ. ಒಂದು ಸಲವಲ್ಲ, ಹಲವು ಸಲ. ಅವರು ತೀರಿಕೊಂಡು ಎರಡು ಚಳಿಗಾಲ ಕಳೆದವು. ಅವರೆದುರು ಒಪ್ಪಿಕೊಂಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ನಿಮ್ಮೆದುರು ಒಪ್ಪಿಕೊಂಡಿರಲಿಲ್ಲ. ಅದಕ್ಕೇ ಇದು.

ನಾನು ಶ್ರೀಧರ, ಮೈಸೂರಿನವನು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ನನ್ನ ಕೆಲಸ ಏನೆಂದರೆ — ನಗಬೇಡಿ — ಒಂದೊಂದು ಬೋಲ್ಟೂ ಎಲ್ಲಿಂದ ಬಂತು, ಯಾರ ಕೈಯಲ್ಲಿ ತಯಾರಾಯಿತು ಎಂಬ ಗುರುತು ಕಳೆದುಹೋಗದಂತೆ ನೋಡಿಕೊಳ್ಳುವುದು. ಚೀಟಿ ಇಲ್ಲದ ಡಬ್ಬ ಕಂಡರೆ ಇಡೀ ಲೈನ್ ನಿಲ್ಲಿಸಿ ಕೂಗಾಡುತ್ತಿದ್ದವನು ನಾನು. ನನ್ನ ಬಾಯಿಗೆ ಹೆದರುತ್ತಿದ್ದರು.

ಎರಡು ಸಾವಿರದ ಎಂಟರ ಕೊನೆಯಲ್ಲಿ ಆ ಬಾಯಿ ಮುಚ್ಚಿತು. ಒಂದು ಶುಕ್ರವಾರ ನಮ್ಮ ವಿಭಾಗದವರನ್ನೆಲ್ಲ ಒಂದು ಕೋಣೆಗೆ ಕರೆದರು, ತಲೆಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದರು. ಆ ವರ್ಷಗಳಲ್ಲಿ ಡೆಟ್ರಾಯಿಟ್‌ನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಬಡಾವಣೆಯಲ್ಲಿ ಮನೆಗೊಂದು ‘ಫಾರ್ ಸೇಲ್’ ಬೋರ್ಡು, ಕೊಳ್ಳುವವರು ಮಾತ್ರ ಒಬ್ಬರೂ ಇಲ್ಲ. ಮುಂದಿನ ಬೇಸಿಗೆಗೆ ಕ್ಯಾಂಟನ್‌ನಲ್ಲಿದ್ದ ನಮ್ಮ ಮನೆಯನ್ನು ಬ್ಯಾಂಕಿಗೆ ಬಿಟ್ಟುಕೊಟ್ಟೆವು. ಹೆಂಡತಿ ವಸುಧಾ ಫಾರ್ಮಸಿಯಲ್ಲಿ ಅರೆಹೊತ್ತಿನ ಕೆಲಸ ಹಿಡಿದಿದ್ದಳು; ಮಗಳು ಏಳನೆಯ ಕ್ಲಾಸು. ನಾನು ಶನಿವಾರದ ಕ್ರಿಕೆಟ್‌ಗೂ ಹೋಗುವುದು ಬಿಟ್ಟೆ. ಯಾರಾದರೂ “ಎಲ್ಲಾದ್ರೂ ಅಪ್ಲೈ ಮಾಡಿದ್ಯಾ?” ಎಂದು ಕೇಳುತ್ತಾರಲ್ಲ — ಆ ಪ್ರಶ್ನೆಗೆ ಹೆದರಿ.

ಆ ಕ್ರಿಕೆಟ್ ಮೈದಾನದಲ್ಲೇ ಡಾಕ್ಟರ್ ರಹಮತ್, ನಮ್ಮ ಡಾಕ್ಟರ್ ಅಂಕಲ್, ನಮಗೆ ಪರಿಚಯ. ಪಾರ್ಕಿನಲ್ಲಿ ಮ್ಯಾಟ್ ಹಾಸಿ ಆಡುವ ನಮ್ಮ ಆಟಕ್ಕೆ ಅವರು ಮೊದಲು ಅಂಪೈರ್ ಆಗಿದ್ದರು. ಕಣ್ಣಿನ ನಡುಭಾಗ ಮಸುಕಾಗತೊಡಗಿದ ಮೇಲೆ ಬರೀ ಪ್ರೇಕ್ಷಕ — ಮಡಿಚುವ ಕುರ್ಚಿ, ಬಿಳಿ ಟೋಪಿ, ಫ್ಲಾಸ್ಕಿನಲ್ಲಿ ಚಹಾ. ಚಿತ್ರದುರ್ಗದವರು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದು, ಆಮೇಲೆ ಮಿಶಿಗನ್‌ಗೆ ಬಂದು ಇಲ್ಲೇ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಫಾರ್ಮಿಂಗ್‌ಟನ್ ಹಿಲ್ಸ್‌ನ ದೊಡ್ಡ ಮನೆಯಲ್ಲಿ ಒಬ್ಬರೇ.

ಒಂದು ದಿನ ಫೋನ್ ಮಾಡಿದರು. “ಏನಯ್ಯಾ, ನಾಲ್ಕು ಶನಿವಾರದಿಂದ ಪತ್ತೆ ಇಲ್ಲ? ಬೌಲಿಂಗ್ ಅಂತೂ ಮೊದಲೇ ಬರ್ತಿರಲಿಲ್ಲ, ಈಗ ಮುಖ ತೋರಿಸೋದೂ ಬಿಟ್ಟೆಯಾ?” ನಾನು ಏನೋ ಸಬೂಬು ಹೇಳಹೊರಟೆ. ಅವರು ತಡೆದರು. “ವಿಷಯ ಗೊತ್ತಾಯ್ತು. ಮೇಲ್ಗಡೆ ಮೂರು ರೂಮು ಖಾಲಿ ಬಿದ್ದಿದೆ. ಹೆಂಡತಿ ಮಗಳನ್ನ ಕರ್ಕೊಂಡು ಬಾ. ಸುಮ್ನೆ ಇರೋಕೆ ನಾಚಿಕೆ ಆದ್ರೆ ನಂಗೊಂದು ಕೆಲಸ ಮಾಡಿಕೊಡು — ನನ್ನ ಹುಡುಗರ ಫೋಟೋ ಸರಿಮಾಡಿಕೊಡು.”

‘ಹುಡುಗರು’ ಅಂದರೆ ಇಂಗ್ಲೆಂಡಿನ ಕೌಂಟಿ ಕ್ರಿಕೆಟಿಗರು, ನಮ್ಮ ಲೆಕ್ಕದಲ್ಲಿ ಜಿಲ್ಲಾ ತಂಡದವರು. ಇಂಗ್ಲೆಂಡಿನಲ್ಲಿದ್ದಾಗ ಬಿಡುವಿನ ದಿನವೆಲ್ಲ ಅಲ್ಲಿನ ಕೌಂಟಿ ಮೈದಾನದಲ್ಲಿ ಕಳೆದು, ಪೆಟ್ಟಿಗೆ ಕ್ಯಾಮೆರಾದಲ್ಲಿ ಅವರೇ ತೆಗೆದ ಮೂವತ್ತೆಂಟು ಕಪ್ಪು ಬಿಳುಪು ಚಿತ್ರಗಳು. ಹೆಸರುವಾಸಿಗಳು ಒಬ್ಬರೂ ಇಲ್ಲ. ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡ ಬೌಲರ್. ಪೆವಿಲಿಯನ್ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿರುವ ಬ್ಯಾಟ್ಸ್‌ಮನ್. ನೀರಿನ ತಟ್ಟೆ ಹೊತ್ತು ನಡೆಯುವ ಹನ್ನೆರಡನೆಯ ಆಟಗಾರ. ಒಂದೊಂದರ ಹಿಂದೆಯೂ ಕನ್ನಡದಲ್ಲಿ ಹೆಸರು, ಎರಡು ಸಾಲು ವಿವರ ಬರೆದು, ಚಿತ್ರದುರ್ಗದಲ್ಲಿದ್ದ ತಮ್ಮ ಇಲಿಯಾಸ್‌ಗೆ ಪೋಸ್ಟ್ ಮಾಡಿದ್ದರು. ಕ್ರಿಕೆಟ್ ಹುಚ್ಚಿನ ತಮ್ಮ ಅವನ್ನೆಲ್ಲ ಕಪ್ಪು ಹಾಳೆಯ ಆಲ್ಬಮ್ಮಿಗೆ ಮೈದಾ ಅಂಟಿನಿಂದ ಅಂಟಿಸಿಟ್ಟಿದ್ದ. ಆ ತಮ್ಮನಿಗೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬಂತು; ಅಣ್ಣ ಊರಿಗೆ ಹೋದಾಗ “ಯಾರು ನೀವು?” ಎಂದು ಕೇಳಿದನಂತೆ. ಅಂಕಲ್ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಆ ಸಲ ಊರಿನಿಂದ ಮರಳುವಾಗ ಆಲ್ಬಮ್ ಎತ್ತಿಕೊಂಡು ಬಂದಿದ್ದರು. ಅವರಿಗೆ ಲೋಕದಲ್ಲಿ ಒಂದೇ ಒಂದು ಭಯ ಇತ್ತು, ಅದು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆ ಮನೆಯಲ್ಲಿ ನಾವು ಹೇಗಿದ್ದೆವು ಎಂದು ಹೇಳದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನಿಮಗೆ ತಿಳಿಯುವುದಿಲ್ಲ. ಒಂದು ದಿನವೂ ನಮ್ಮನ್ನು ಹಂಗಿನವರ ಹಾಗೆ ಕಾಣಲಿಲ್ಲ. ನಾವು ಸಸ್ಯಾಹಾರಿಗಳೆಂದು ನಮಗೆ ಹೇಳದೆಯೇ ಹೊಸ ಪಾತ್ರೆ ತಂದಿಟ್ಟಿದ್ದರು. ವಸುಧಾ ಬೇಡವೆಂದರೆ “ನಿನಗಲ್ಲಮ್ಮ, ನಿನ್ನ ಸಾರಿಗೆ ಮರ್ಯಾದೆ” ಅಂದರು. ಬೆಳಗಿನ ಹೊತ್ತು ನಾನು ಕಂಪ್ಯೂಟರ್ ಮುಂದೆ ಕೂತು ಅಪ್ಲಿಕೇಶನ್ ಕಳಿಸುತ್ತ, ತಿರಸ್ಕಾರದ ಇಮೇಲ್ ಓದುತ್ತ ಕುಗ್ಗಿ ಕೂತಿದ್ದರೆ ಆಲ್ಬಮ್ ತೆರೆಯುತ್ತಿದ್ದರು. ನಡುಗಣ್ಣು ಮಸುಕು, ಆದ್ದರಿಂದ ಹಕ್ಕಿಯ ಹಾಗೆ ಕತ್ತು ಓರೆ ಮಾಡಿ ನೋಡಬೇಕು.

“ಇವನನ್ನ ನೋಡು. ಕೌಂಟಿಯವರು ಸಂಬಳ ಕೊಡ್ತಿದ್ದದ್ದು ಬೇಸಿಗೆಗೆ ಮಾತ್ರ. ಪ್ರತಿ ಸೆಪ್ಟೆಂಬರಿಗೂ ಇವರಿಗೆಲ್ಲ ಲೇಆಫ್ ಕಣಯ್ಯಾ! ಇವನು ಚಳಿಗಾಲದಲ್ಲಿ ಕಲ್ಲಿದ್ದಲು ಗಾಡಿ ಹೊಡೀತಿದ್ದ. ಇವನು ಗೋಡೆಗೆ ಬಣ್ಣ. ಈ ಗಡ್ಡದವನು ಶವಪೆಟ್ಟಿಗೆ ಅಂಗಡೀಲಿ ಮೊಳೆ. ಏಪ್ರಿಲ್ ಬರಲಿ, ಮತ್ತೆ ಬಿಳಿ ಪ್ಯಾಂಟು, ಮತ್ತೆ ರಾಜರು. ನೀನೂ ಈಗ ಚಳಿಗಾಲದಲ್ಲಿದ್ದೀಯ, ಅಷ್ಟೆ.”

ಮೂವತ್ತೆಂಟು ಜನರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಎಲ್ಲಾದರೂ ತಡವರಿಸಿದರೆ “ಇರಲಿ, ಹಿಂದೆ ಬರೆದಿದ್ದೀನಿ” ಅನ್ನುತ್ತಿದ್ದರು. ನಿಜ ಹೇಳುತ್ತೇನೆ — ಆ ವರ್ಷ ನಾನು ಬೆಳಗ್ಗೆ ಎದ್ದು ಮುಖ ತೊಳೆಯುತ್ತಿದ್ದದ್ದೇ ಆ ಹುಡುಗರ ದೆಸೆಯಿಂದ. ಅವರು ಯಾರೂ ಈಗ ಬದುಕಿರಲಿಕ್ಕಿಲ್ಲ. ಅವರಿಗೆ ನಾನು ಋಣಿ.

ನನ್ನ ಕೆಲಸ ಇಷ್ಟೆ: ಫೋಟೋಗಳನ್ನು ಆಲ್ಬಮ್ಮಿನಿಂದ ಬಿಡಿಸಿ, ಎರಡೂ ಬದಿ ಸ್ಕ್ಯಾನ್ ಮಾಡಿ, ದೊಡ್ಡ ಟೀವಿಯ ಮೇಲೆ ಕಾಣುವಂತೆ ಮಾಡುವುದು. ಅಷ್ಟು ದೊಡ್ಡದಾಗಿದ್ದರೆ ಓರೆಗಣ್ಣಿನಿಂದಲಾದರೂ ತಮ್ಮ ಅಕ್ಷರವನ್ನು ತಾವೇ ಓದಬಹುದೆಂದು ಅವರ ಆಸೆ. “ನಿಧಾನವಾಗಿ ಮಾಡು, ಅವಸರ ಇಲ್ಲ” ಅಂದಿದ್ದರು.

ಅವಸರ ನನಗಿತ್ತು. ಏನಾದರೂ ಒಂದನ್ನು ಮಾಡಿ ಮುಗಿಸಿ, ನಾನೂ ಉಪಯೋಗಕ್ಕೆ ಬರುವವನು ಎಂದು ತೋರಿಸಬೇಕಿತ್ತು. ಮೈದಾ ಅಂಟು ಅಂದ ಕೂಡಲೇ ಮೈಸೂರಿನ ನನ್ನ ಬಾಲ್ಯ ನೆನಪಾಯಿತು — ಲಕೋಟೆಯ ಮೂಲೆ ಹರಿದು, ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು, ಸ್ಟ್ಯಾಂಪ್ ಬಿಡಿಸುತ್ತಿದ್ದೆವಲ್ಲ? ಅದೇ ಉಪಾಯ. ಮೊದಲು ಒಂದೇ ಒಂದು ಫೋಟೋ ಹಾಳೆಸಮೇತ ಕತ್ತರಿಸಿ, ಸ್ಟೀಲ್ ತಟ್ಟೆಯಲ್ಲಿ ಹಾಕಿದೆ. ಹತ್ತು ನಿಮಿಷಕ್ಕೆ ಹೂವಿನಂತೆ ಬಿಟ್ಟುಕೊಂಡಿತು. ಹಿಂದೆ ಅಂಕಲ್‌ರ ಅಕ್ಷರ, ಒಂದಿಷ್ಟೂ ಅಳಿಸದೆ:

‘ವಿಲ್ಫ್ ಟಾರ್ಲೆಟ್. ವಿಕೆಟ್ ಕೀಪರ್. ಎಡಗೈ ಕಿರುಬೆರಳು ಮೂರು ಸಲ ಮುರಿದಿದೆ, ಒಂದು ಸಲ ನಾನೇ ಕಟ್ಟು ಹಾಕಿದ್ದೆ. ಚಳಿಗಾಲದಲ್ಲಿ ಅಂಚೆ ಹಂಚುತ್ತಾನೆ.’

ಸರಿ! ಉಳಿದ ಮೂವತ್ತೇಳನ್ನೂ ಮೇಲಿನ ಬಾತ್‌ಟಬ್‌ನಲ್ಲಿ ಒಟ್ಟಿಗೆ ನೆನೆಹಾಕಿ, ಕೆಳಗೆ ಹೋಗಿ ಕಾಫಿ ಮಾಡಿಕೊಂಡೆ.

ಮರಳಿ ಬಂದಾಗ ಟಬ್ಬಿನ ನೀರು ನೀಲಿ.

ಮೊದಲನೆಯದನ್ನು ಬಾಲ್‌ಪೆನ್‌ನಲ್ಲಿ ಬರೆದಿದ್ದರು. ಉಳಿದವನ್ನೆಲ್ಲ ಶಾಯಿ ಪೆನ್ನಿನಲ್ಲಿ. ಒಂದು ಸ್ಯಾಂಪಲ್ ನೋಡಿ ಇಡೀ ಲಾಟ್ ಪಾಸ್ ಮಾಡಿದ್ದೆ — ಹದಿನಾಲ್ಕು ವರ್ಷದಲ್ಲಿ ಯಾವ ಆಪರೇಟರ್ ಈ ತಪ್ಪು ಮಾಡಿದ್ದರೂ ಅವನ ಕಿವಿ ಹಿಂಡುತ್ತಿದ್ದೆ. ಒಂದೊಂದನ್ನೇ ಎತ್ತಿ ತಿರುಗಿಸಿದೆ. ಎದುರಿನ ಮುಖಗಳು ಹಾಗೇ ಇದ್ದವು, ನಗುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ. ಹಿಂದೆ ಬರೀ ತಿಳಿನೀಲಿ ಮಬ್ಬು. ಎಲ್ಲೋ ಒಂದು ‘ಕಲ್ಲಿ’, ಎಲ್ಲೋ ಒಂದು ಒತ್ತಕ್ಷರದ ಬಾಲ.

ಕೆಲಸದಿಂದ ಬಂದ ವಸುಧಾ ಬಾಗಿಲಲ್ಲೇ ನಿಂತು ನೋಡಿದಳು. “ಅಯ್ಯೋ ದೇವರೇ... ಈಗಲೇ ಹೋಗಿ ಹೇಳಿಬಿಡಿ ರೀ. ಬೈದ್ರೆ ಬೈಸ್ಕೊಳ್ಳಿ.”

“ನಾಳೆ ಹೇಳ್ತೀನಿ.”

ನಾಳೆ ನಾನು ಮಾಡಿದ್ದೇನು ಗೊತ್ತೇ? ಒಣಗಿಸಿ, ಪುಸ್ತಕಗಳಡಿ ಒತ್ತಿಟ್ಟು, ಸ್ಕ್ಯಾನ್ ಮಾಡಿ — ಆ ನೀಲಿ ಮಬ್ಬೂ ಕಾಣದಂತೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿ ಬೆಳ್ಳಗೆ ಮಾಡಿದೆ. ನೆನೆಹಾಕಿದ್ದು ಮೂರ್ಖತನ. ಇದು ಬೇರೆ. ಇದನ್ನು ಕಣ್ಣು ತೆರೆದುಕೊಂಡು, ಕುರ್ಚಿಯಲ್ಲಿ ಕೂತು, ಮೂವತ್ತೇಳು ಸಲ ಮಾಡಿದ್ದೇನೆ.

ಅಂಕಲ್ ಟೀವಿಯ ಮುಂದೆ ಕೂತರು. ವಿಲ್ಫ್ ಟಾರ್ಲೆಟ್ ಬಂದ. ಹಿಂಬದಿಯನ್ನು ಓರೆಗಣ್ಣಲ್ಲಿ ತಾವೇ ಓದಿ ಚಪ್ಪಾಳೆ ತಟ್ಟಿದರು. ಮುಂದಿನದು ಬಂತು. ಹಿಂಬದಿ ಬಿಳಿ. ಅದರ ಮುಂದಿನದು. ಬಿಳಿ.

“ಏನಯ್ಯಾ, ಇದರ ಹಿಂದೆ?”

“ಅದೊಂದರ ಹಿಂದೆ ಮಾತ್ರ ಬರೆದಿದೀರ. ಉಳಿದವು ಖಾಲಿ, ಅಂಕಲ್.”

ಇಷ್ಟೇ ನಾನು ಹೇಳಿದ್ದು. ಬೈಗುಳಕ್ಕೆ ಹೆದರಿ ಅಲ್ಲ — ಆ ಮನೆ ಕೈತಪ್ಪೀತು, ಹೆಂಡತಿ ಮಗಳನ್ನು ಕಟ್ಟಿಕೊಂಡು ಮತ್ತೆಲ್ಲಿಗೆ ಹೋಗಲಿ ಎಂದು ಹೆದರಿ. ಅವರು ಅಂಥವರಲ್ಲ ಎಂದು ಗೊತ್ತಿದ್ದೂ.

“ಇಲ್ಲವಲ್ಲ... ಎಲ್ಲದಕ್ಕೂ ಬರೆದಿದ್ದೆ. ಕೂತ್ಕೊಂಡು ಬರೆದಿದ್ದು ನೆನಪಿದೆ. ಲ್ಯಾಂಡ್‌ಲೇಡಿ ಬಂದು ಇದು ಯಾವ ಲಿಪಿ ಅಂತ ಕೇಳಿದ್ದು ನೆನಪಿದೆ.” ನನ್ನ ಕಡೆ ತಿರುಗಿದರು. “ನೀನು ಸರಿಯಾಗಿ ನೋಡಿದೆಯಾ?”

“ನೋಡಿದೆ ಅಂಕಲ್.”

ಟೀವಿಯ ಬಿಳಿ ಪರದೆಯ ಕಡೆ ಮತ್ತೊಮ್ಮೆ ಕತ್ತು ಓರೆ ಮಾಡಿದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ, “ಇಲಿಯಾಸ್‌ಗೂ ಹೀಗೇ ಶುರುವಾಗಿದ್ದು” ಅಂದರು.

ಆಗ ಹೇಳಬಹುದಿತ್ತು. ಆ ವಾಕ್ಯ ಮುಗಿದು ಅವರು ಎದ್ದು ನಿಲ್ಲುವ ನಡುವೆ ಎಷ್ಟು ಸಮಯವಿತ್ತು... ನಾನು ಟೀವಿ ಆಫ್ ಮಾಡಿದೆ.

ಅಂದಿನಿಂದ ಆ ಮನುಷ್ಯ ಇಂಚಿಂಚಾಗಿ ತಮ್ಮನ್ನು ತಾವೇ ನಂಬದಾದರು. ಪರೀಕ್ಷೆ ಮಾಡಿಸಿಕೊಂಡರು, ವಯಸ್ಸಿಗೆ ತಕ್ಕಂತೆ ಎಲ್ಲ ಸರಿಯಾಗಿದೆ ಎಂದು ತಜ್ಞರು ಹೇಳಿದರು. ಅಂಕಲ್ ನಂಬಲಿಲ್ಲ. “ನಾನೂ ಡಾಕ್ಟರೇ. ಮೊದಮೊದಲು ಪರೀಕ್ಷೇಲಿ ಕಾಣಲ್ಲ. ಆದ್ರೆ ಮಾಡದೇ ಇರೋದನ್ನ ಮಾಡಿದೀನಿ ಅಂತ ಆಣೆ ಹಾಕಿ ಹೇಳ್ತೀನಲ್ಲ — ಅದೇ ಗುರುತು.” ತಜ್ಞರ ಮಾತಿಗಿಂತ ನನ್ನ ಮಾತು ಅವರಿಗೆ ದೊಡ್ಡದಾಯಿತು. ಒಲೆ ಆರಿಸಿ ಬಂದು ಮತ್ತೆ ನನ್ನನ್ನು ನೋಡಿ ಬರಲು ಕಳಿಸುತ್ತಿದ್ದರು. ಆರಿಸಿಯೇ ಇರುತ್ತಿತ್ತು. ಆಲ್ಬಮ್ಮಿನ ಕಥೆ ಹೇಳಲು ಶುರುಮಾಡಿ, “ಅಥವಾ ಇದನ್ನೂ ನಾನೇ ಕಟ್ಟಿದ್ನೋ ಏನೋ” ಎಂದು ನಿಲ್ಲಿಸಿಬಿಡುತ್ತಿದ್ದರು. ಕೊನೆಗೆ ಹೇಳುವುದನ್ನೇ ಬಿಟ್ಟರು. ವಸುಧಾ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ಏಪ್ರಿಲ್‌ನಲ್ಲಿ ನನಗೆ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಅವರು ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು “ಹೇಳಿರಲಿಲ್ವಾ? ಏಪ್ರಿಲ್!” ಎಂದು ಕೂಗಿದರು. ಆಮೇಲೆ, “ಹೇಳಿದ್ದೆ ತಾನೆ?” ಎಂದು ಸಂಶಯದಿಂದ ಕೇಳಿದರು. ಹೇಳಿದ್ದಿರಿ ಅಂಕಲ್, ಹೇಳಿದ್ದಿರಿ.

ನನ್ನ ಮಗಳ ಸ್ಕೂಲು ಮುಗಿಯುವ ಜೂನ್‌ವರೆಗೆ ಅಂಕಲ್ ಕಾದರು. ಆಮೇಲೆ ಮನೆ ಮಾರಿ, ಶಿಕಾಗೋ ಬಳಿಯ ಓಕ್ ಬ್ರೂಕ್‌ನಲ್ಲಿದ್ದ ತಮ್ಮ ಮಗಳು ಫರ್ಹಾನಾಳ ಮನೆಗೆ ಹೊರಟರು. “ಒಬ್ಬನೇ ಇರೋ ಹಾಗಿಲ್ಲ ಕಣಯ್ಯಾ, ತಲೆ ಭರವಸೆ ಇಲ್ಲ” ಅಂದರು. ಮೂವತ್ತು ವರ್ಷ ಬಾಳಿದ ಮನೆ. ಪೆಟ್ಟಿಗೆಗಳನ್ನು ಟ್ರಕ್ಕಿಗೆ ಏರಿಸಿದವನು ನಾನೇ.

ಆಮೇಲೆ ಪ್ರತಿವರ್ಷ ಶಿಕಾಗೋ ಬಳಿಯದೇ ಆದ ಲೆಮಾಂಟ್‌ನ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ಐ-94 ಹೆದ್ದಾರಿ ಹಿಡಿದು ನಾಲ್ಕೂವರೆ ಗಂಟೆ ಡ್ರೈವ್ ಮಾಡಿ, ದೇವರ ಮುಂದೆ ಕೈಮುಗಿದು, ಹದಿನೈದು ಮೈಲಿ ದೂರದ ಓಕ್ ಬ್ರೂಕ್‌ಗೆ ಹೋಗಲು ಹೊತ್ತಾಯಿತೆಂದು ಹೇಳಿ ವಾಪಸಾಗುತ್ತಿದ್ದೆ. ಫೋನಿನಲ್ಲಿ ಮಾತ್ರ ಈದ್, ದೀಪಾವಳಿ. ಐದನೆಯ ವರ್ಷ ವಸುಧಾ ಕಾರು ಹತ್ತಲೇ ಇಲ್ಲ. “ದೇವರನ್ನ ನೋಡಿದ್ದು ಸಾಕು. ಮೊದಲು ಅವರ ಮನೆಗೆ ಹೋಗೋದಾದ್ರೆ ಬರ್ತೀನಿ.” ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂನಲ್ಲಿ ನಿಲ್ಲಿಸಿ, ಅಂಕಲ್‌ಗೆ ಇಷ್ಟವಾದ ಖಾರದ ಬಿಸ್ಕೆಟ್ ಕೊಂಡು ಹೋದೆವು.

ಸೊರಗಿದ್ದರು. ಆದರೆ ನನ್ನ ದನಿ ಕೇಳಿದ ತಕ್ಷಣ, “ಬಂದ್ಯಾ? ಬೌಲಿಂಗ್ ಬರುತ್ತಾ ಈಗಲಾದ್ರೂ?” ಅಂದರು. ಕೂತು ಮಾತಾಡುತ್ತಿರುವಾಗ ಡಬ್ಬಿಯಿಂದ ಒಂದು ಮಾತ್ರೆ ತೆಗೆದು, ನನ್ನೆದುರೇ ನೀರು ಕುಡಿದು ನುಂಗಿದರು. ಐದು ನಿಮಿಷಕ್ಕೆ ಫರ್ಹಾನಾ ಬಂದಳು. ಅವಳೂ ಡಾಕ್ಟರ್, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಬ್ಬಾ, ಬಿಪಿ ಟ್ಯಾಬ್ಲೆಟ್?” ಎಂದು ಅಪ್ಪನನ್ನು ಕೇಳಿದಳು.

“ತಗೊಂಡೆ.”

“ಆರ್ ಯು ಶ್ಯೂರ್?”

ಅವರ ಮುಖದಲ್ಲಿ ಏನೋ ಕುಸಿಯಿತು. “ಶ್ಯೂರ್ ಅಂತ ಹೇಗಮ್ಮಾ ಹೇಳಲಿ? ತಗೊಂಡಿಲ್ಲವೇನೋ. ಕೊಡು.” ನನ್ನ ಕಡೆ ತಿರುಗಿ ನಕ್ಕರು. “ಬೇಕಾದ್ರೆ ಶ್ರೀಧರನ್ನ ಕೇಳು. ನಾನು ಬರೀದೇ ಇರೋದನ್ನೂ ಬರೆದಿದೀನಿ ಅಂತ ಜಗಳಕ್ಕೆ ನಿಂತಿದ್ದವನು.” ಎರಡನೆಯ ಮಾತ್ರೆಗೆ ಕೈ ಚಾಚಿದರು.

“ಬೇಡ!” ಎಂದು ಕೂಗಿದೆ. “ತಗೊಂಡಿದಾರೆ ಫರ್ಹಾನಾ, ನನ್ನ ಕಣ್ಣೆದುರಿಗೇ ತಗೊಂಡ್ರು. ಬರೆದೂ ಇದ್ರು. ಮೂವತ್ತೆಂಟಕ್ಕೂ ಬರೆದಿದ್ರು. ನೀರಲ್ಲಿ ಹಾಕಿ ಅಳಿಸಿದ್ದು ನಾನು ಅಂಕಲ್. ಖಾಲಿ ಅಂತ ಸುಳ್ಳು ಹೇಳಿದ್ದು ನಾನು.”

ಅವರು ಬಯ್ಯಬಹುದೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಬರೆದಿದ್ನಾ?” ಅಂದರು.

“ಬರೆದಿದ್ದಿರಿ.”

“ಎಲ್ಲದಕ್ಕೂ?”

“ಎಲ್ಲದಕ್ಕೂ, ಅಂಕಲ್.”

ಮುಖ ಅರಳಿತು. ಅಷ್ಟು ಸಂತೋಷವನ್ನು ಮನುಷ್ಯರ ಮುಖದ ಮೇಲೆ ನಾನು ಕಂಡಿಲ್ಲ. “ಕೇಳಿದ್ಯಾ ಫರ್ಹಾನಾ? ಬರೆದಿದ್ದೆನಂತೆ! ನಾನು ಹೇಳಿರಲಿಲ್ವಾ? ಲ್ಯಾಂಡ್‌ಲೇಡಿ ಬಂದು ಯಾವ ಲಿಪಿ ಅಂತ ಕೇಳಿದ್ದು, ಅದೂ ನಿಜವೇ!” ನಗುತ್ತಿದ್ದರು, ಕಣ್ಣಲ್ಲಿ ನೀರು. ನನ್ನ ಕೈ ಹುಡುಕಿ ಹಿಡಿದುಕೊಂಡರು. “ಆಗಲೇ ಯಾಕೆ ಹೇಳಲಿಲ್ಲ?”

“ಮನೆ ಬಿಟ್ಟು ಹೋಗು ಅಂತೀರೇನೋ ಅಂತ...”

“ನಾನು? ನಿನಗೆ?” ಎಂದು ಕೇಳಿದರು.

ಫರ್ಹಾನಾ ಮಾತ್ರೆಯ ಡಬ್ಬಿ ಹಿಡಿದು ನಿಂತೇ ಇದ್ದಳು. “ಫೈವ್ ಇಯರ್ಸ್, ಶ್ರೀಧರ್” ಅಂದಳು, ಅಷ್ಟೇ. ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಎಲ್ಲರಿಗೂ ಚಹಾ ತಂದಳು. ನನಗೂ ತಂದಳು. ಅದಕ್ಕೆ ಅವಳಿಗೆ ನಾನು ಕೃತಜ್ಞ.

ಆ ಮಧ್ಯಾಹ್ನವೇ ಫೋಟೋಗಳನ್ನು ತರಿಸಿದರು. ಒಂದೊಂದನ್ನೇ ಕಣ್ಣಿನ ಓರೆಗೆ ಹಿಡಿದು ಹೆಸರು ಹೇಳತೊಡಗಿದರು. ನಾನು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಹಿಂಬದಿಯಲ್ಲಿ ಬರೆದುಕೊಂಡೆ. ಕಲ್ಲಿದ್ದಲಿನವನು ಸಿಕ್ಕ. ಶವಪೆಟ್ಟಿಗೆಯವನು ಸಿಕ್ಕ. ಹನ್ನೊಂದು ಜನ ಸಿಕ್ಕರು. ಉಳಿದವರ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದರು — ನಾಲಿಗೆಯ ತುದಿಗೆ ಬಂದದ್ದು ಹೊರಗೆ ಬರಲಿಲ್ಲ. ದಿನಾ ಕೇಳಿದ್ದರೂ ಆ ಹೆಸರುಗಳನ್ನು ನಾನೂ ನೆನಪಿಟ್ಟುಕೊಂಡಿರಲಿಲ್ಲ. “ದಿನಾ ಹೇಳ್ತಿದ್ದಾಗ ಇದ್ದವು ಕಣಯ್ಯಾ. ಐದು ವರ್ಷ ಹೇಳದೇ ಹೋದೆ ನೋಡು, ಹೊರಟುಹೋದ್ವು.” ಇದರಲ್ಲಿ ನನ್ನ ಮೇಲೆ ಆರೋಪವಿರಲಿಲ್ಲ, ವಿಷಾದವಿತ್ತು.

ಆಮೇಲೆ ಅವರು ಇದ್ದಷ್ಟು ಕಾಲವೂ ಹೋಗಿ ಬರುತ್ತಿದ್ದೆ. ಕೊನೆಯವರೆಗೂ ಮಾತ್ರೆಯನ್ನು ತಾವೇ ತೆಗೆದುಕೊಂಡರು, “ತಗೊಂಡೆ” ಎಂದು ಗಟ್ಟಿಯಾಗಿ ಹೇಳಿದರು, ಮಗಳು ಎರಡನೆಯ ಸಲ ಕೇಳಲಿಲ್ಲ. ಹೆಸರುಗಳು ಮಾತ್ರ ಮತ್ತೊಂದೂ ಮರಳಲಿಲ್ಲ. ಅವರು ಹೋದ ಮೇಲೆ ಫರ್ಹಾನಾ ಫೋಟೋಗಳ ಪೆಟ್ಟಿಗೆಯನ್ನು ನನಗೇ ಕೊಟ್ಟಳು — ಅಬ್ಬಾ ಹೇಳಿದ್ದರಂತೆ. ಅದು ಈಗ ನನ್ನ ಮೇಜಿನ ಮೇಲಿದೆ.

ಬಾಲ್‌ಪೆನ್ನಿನ ಅಕ್ಷರ ಉಳಿದದ್ದು ಒಂದು. ಅಂಕಲ್ ಹೇಳಿ ಬರೆಸಿದ್ದು ಹನ್ನೊಂದು. ಇನ್ನು ಇಪ್ಪತ್ತಾರು ಜನ — ನನ್ನ ಚಳಿಗಾಲದಲ್ಲಿ ನನ್ನ ಜೊತೆ ಕೂತಿದ್ದವರು, ನಾನು ಹೆಸರಿಲ್ಲದಂತೆ ಮಾಡಿದವರು. ಇವರ ಹಿಂಬದಿಯನ್ನು ಖಾಲಿ ಬಿಡಲು ನನಗೆ ಹಕ್ಕಿಲ್ಲ. ಅದಕ್ಕೆ ಈ ವಾರ ಕೂತು ಒಂದೊಂದರ ಹಿಂದೆಯೂ ಬರೆದೆ: ‘ಕೌಂಟಿ ಆಟಗಾರ. ಈ ಚಿತ್ರ ತೆಗೆದವರು ಡಾಕ್ಟರ್ ರಹಮತ್. ಇವನ ಹೆಸರನ್ನೂ ಅವರೇ ಇಲ್ಲಿ ಬರೆದಿದ್ದರು. ಅಳಿಸಿದವನು ಶ್ರೀಧರ.’

ಇಪ್ಪತ್ತಾರು ಸಲ ಬರೆದಿದ್ದೇನೆ. ಪೆನ್ಸಿಲ್‌ನಲ್ಲಿ. ನೀರಿಗೆ ಹಾಕಿದರೂ ಹೋಗುವುದಿಲ್ಲ, ಮೊದಲೇ ನೋಡಿಕೊಂಡಿದ್ದೇನೆ.